ಸುಣ್ಣ ಸಿಗದ ಕಾಯಿಗಳು

ಕಡಲೆಕಾಯಿ ಗಿಡ ತುಂಬಾ ಹಸಿರಾಗಿದ್ದರೆ ನನಗೆ ಎದೆ ಢವಗುಟ್ಟುತ್ತದೆ. ದಾರಿಯಲ್ಲಿ ಹೋಗುವವರು ಗಾಡಿ ನಿಲ್ಲಿಸಿ ಹೊಗಳಿದರಂತೂ ಮುಗಿದೇ ಹೋಯಿತು. ಮಿಕ್ಕ ಬೆಳೆಗಳು ತಮ್ಮ ಕಷ್ಟಸುಖ ಮೇಲೆಯೇ ತೋರಿಸುತ್ತವೆ. ಇದು ಎಲ್ಲವನ್ನೂ ನೆಲದೊಳಗೆ ಬಚ್ಚಿಟ್ಟುಕೊಂಡು ಕೀಳುವ ದಿನ ಹೇಳುತ್ತದೆ. ಕೋಲಾರದಲ್ಲಿ ನಾಟಿ ಬೀಜ ಉಳಿಸುವ ಒಂದು ರೈತರ ಗುಂಪಿದೆ. ಅದರಲ್ಲಿ ಮಣ್ಣು, ಗೊಬ್ಬರದ ಕೆಲಸ ನೋಡುವವಳು ನಾನು. ಬೀಜ ಇರುವವರನ್ನು ಒಪ್ಪಿಸುವುದು, ಹೊಲ ಹುಡುಕುವುದು, ಮಣ್ಣು ಪರೀಕ್ಷೆ ಮಾಡಿಸುವುದು, ಆಮೇಲೆ ಬೆಳೆದವರ ಜೊತೆ ಜಗಳ ಆಡುವುದು, ಎಲ್ಲವೂ ನನ್ನ ಪಾಲಿಗೇ. ಈಗ ಹೇಳುತ್ತಿರುವುದು ಈಚಿನ ಒಂದು ಮುಂಗಾರಿನ ಸಂಗತಿ.

ಬೀಜ ದೇವರಾಯಸಮುದ್ರದ ಹತ್ತಿರದ ಒಬ್ಬ ಅಕ್ಕನದು. ನೆಲದ ಮೇಲೆ ಹರಡಿಕೊಂಡು ಬೆಳೆಯುವ ಬಳ್ಳಿ ಕಡಲೆಕಾಯಿ. ಕಾಯಿ ಬೆರಳುದ್ದ, ದಪ್ಪ, ಒಳಗೆ ಮೂರು ಬೀಜ. ಹಸಿ ಕಾಯಿ ಬೇಯಿಸಿದರೆ ಮನೆಯೆಲ್ಲ ಘಮ್ಮೆನ್ನುತ್ತಿತ್ತು. ಆ ಮನೆಗೆ ಅದು ಅವರ ಅತ್ತೆಯ ಕಾಲದಿಂದ ಬಂದದ್ದು; ಅತ್ತೆಗೆ ಎಲ್ಲಿಂದ ಬಂತೋ ಯಾರಿಗೂ ಗೊತ್ತಿಲ್ಲ. ಬೆಳೆಯುತ್ತಿದ್ದುದು ಊರಾಚೆಯ ದಿಣ್ಣೆ ಹೊಲದಲ್ಲಿ. ಅಲ್ಲಿ ಎಲ್ಲಿ ಕೆದಕಿದರೂ ಸುಣ್ಣಕಲ್ಲಿನ ಚೂರು ಸಿಗುತ್ತಿತ್ತು. ಆ ಹೊಲ ಹೊಸ ರಸ್ತೆಗೆ ಹೋಯಿತು. ಅಕ್ಕನ ಮನೆಗೆ ಉಳಿದದ್ದು ಹಿಪ್ಪುನೇರಳೆ ತೋಟ ಮಾತ್ರ. ಮಗ, ಸೊಸೆ ಹುಳು ಮೇಯಿಸಿ ಸಂಸಾರ ನಡೆಸುತ್ತಿದ್ದರು. ರೇಷ್ಮೆ ಬೆಳೆ ಚೆನ್ನಾಗಿಯೇ ಬರುತ್ತಿತ್ತು, ಊಟಕ್ಕೆ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಕಡಲೆಕಾಯಿಗೆ. ಅದು ರಾಗಿಯ ಹಾಗೆ ವರ್ಷಗಟ್ಟಲೆ ಕಾಯುವ ಬೀಜವಲ್ಲ. ಒಂದು ವರ್ಷ ಬಿತ್ತದೆ ಬಿಟ್ಟರೆ ಎಣ್ಣೆ ಕಮಟು ಹಿಡಿಯುತ್ತದೆ, ಮೊಳಕೆ ಹೋಗುತ್ತದೆ.

ಇದನ್ನು ತಿಳಿದೇ ನಾನು ಅವರ ಮನೆಗೆ ಹೋಗಿದ್ದೆ. ಅಕ್ಕ ಬಾಯಿ ಜೋರಿನ ಹೆಂಗಸು. ಪಕ್ಕದ ಮನೆಯವರ ಜೊತೆ ತೆಲುಗು, ನನ್ನ ಜೊತೆ ಕನ್ನಡ, ಎಮ್ಮೆಯ ಜೊತೆ ಎರಡೂ.

"ಬೀಜ ಕೊಟ್ರೆ ವಾಪಸ್ ಕೊಡ್ತೀರಾ, ಇಲ್ಲಾ ಫೋಟೋ ಹಿಡ್ಕೊಂಡು ಹೋಗ್ಬಿಡ್ತೀರಾ?" ಅಂದರು.

"ಕೊಟ್ಟದ್ದಕ್ಕಿಂತ ಜಾಸ್ತಿ ಕೊಡ್ತೀನಿ ಅಕ್ಕ. ಮಿಕ್ಕಿದ್ದು ಬೇರೆ ರೈತರಿಗೆ. ನಿಮ್ಮ ಹೆಸರೇ ಇಡೋಣ ಅಂತ ಗುಂಪಿನಲ್ಲಿ ಮಾತಾಗಿದೆ."

"ನನ್ನ ಹೆಸರಾ? ಅಯ್ಯೋ ನಾ ತಲ್ಲಿ, ಕಡಲೆಕಾಯಿಗೆ ನನ್ನ ಹೆಸರಂತೆ ಕಣೇ," ಅಂತ ಸೊಸೆಯನ್ನು ಕರೆದು ನಕ್ಕರು. ನಕ್ಕು ತಳ್ಳಿಹಾಕಿದರೂ ಖುಷಿಯಾಗಿತ್ತು, ಮುಖದಲ್ಲೇ ಕಾಣುತ್ತಿತ್ತು.

ಮನೆಯಲ್ಲಿ ಒಂದಿಷ್ಟು ಇಟ್ಟುಕೊಳ್ಳಿ ಅಂದೆ. "ಇಟ್ಕೊಂಡು ಎಲ್ಲಿ ಬಿತ್ಲಿ, ತಲೆ ಮೇಲಾ?" ಅಂದರು. ಇದ್ದದ್ದನ್ನೆಲ್ಲ ಗೋಣಿಗೆ ತುಂಬಿ, ಬಿತ್ತೋ ದಿನ ನಾನೇ ತರ್ತೀನಿ ಅಂದರು.

ಹೊಲ ಹುಡುಕುವಾಗ ಎರಡು ಜಾಗ ಕಣ್ಣಿಗೆ ಬಿದ್ದವು. ಶ್ರೀನಿವಾಸಪುರದ ಕಡೆ ಒಂದು ಎಳೆಯ ಮಾವಿನ ತೋಪಿನ ಸಾಲುಗಳ ನಡುವಿನ ಕೆಂಪು ಮರಳು ಮಣ್ಣು. ಅಲ್ಲಿ ನೀರಿನ ಗ್ಯಾರಂಟಿ ಇಲ್ಲ. ಇನ್ನೊಂದು ಸುಗಟೂರಿನಲ್ಲಿ ಒಬ್ಬ ಟೊಮೇಟೊ ಬೆಳೆಗಾರರ ಹೊಲ. ಬೋರು ಇದೆ, ಡ್ರಿಪ್ ಇದೆ, ಬೇಲಿ ಇದೆ. ಇದ್ದ ಒಂದೇ ಬೀಜವನ್ನು ಮಳೆಯ ಬಾಯಿಗೆ ಹಾಕಲು ಯಾರಿಗೂ ಧೈರ್ಯ ಬರಲಿಲ್ಲ. ಸುಗಟೂರೇ ಸರಿ ಅಂತ ಎಲ್ಲರೂ ಒಪ್ಪಿದೆವು. ಬೆಳೆಗಾರರೂ ಒಳ್ಳೆಯ ಮನುಷ್ಯ. ಟೊಮೇಟೊ ಗಿಡಕ್ಕೆ ಜ್ವರ ಬಂದರೆ ತಮಗೇ ಬಂದ ಹಾಗೆ ಒದ್ದಾಡುವವರು. ಒಂದು ಭಾಗದಲ್ಲಿ ಟೊಮೇಟೊ, ಹಿಂದಿನ ಬೆಳೆ ಕಿತ್ತ ಇನ್ನೊಂದು ಭಾಗದಲ್ಲಿ ನಮ್ಮ ಕಡಲೆಕಾಯಿ ಅಂತ ಮಾತಾಯಿತು.

ಮಣ್ಣು ಪರೀಕ್ಷೆಯ ವರದಿ ಬಂದಾಗ ನನಗೆ ಸ್ವಲ್ಪ ಅಳುಕಾಯಿತು. ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಸುಮಾರಾಗಿತ್ತು. ಪೊಟ್ಯಾಷ್ ಮಾತ್ರ ವಿಪರೀತ. ಟೊಮೇಟೊಗೆ ಬಣ್ಣ, ತೂಕ ಬರಲಿ ಅಂತ ಬೆಳೆ ಮೇಲೆ ಬೆಳೆ ಡ್ರಿಪ್ಪಿನಲ್ಲಿ ಕೊಟ್ಟದ್ದು ಮೇಲ್ಮಣ್ಣಿನಲ್ಲೇ ಕೂತಿತ್ತು. ಟೊಮೇಟೊಗೆ ಅದರಿಂದ ಲಾಭವೇ. ಕಡಲೆಕಾಯಿ ಬಲಿಯುವುದು ಅದೇ ಮೇಲ್ಮಣ್ಣಿನಲ್ಲಿ, ಮೂರು ನಾಲ್ಕು ಬೆರಳು ಆಳದಲ್ಲಿ. ಅಲ್ಲಿ ಪೊಟ್ಯಾಷ್ ಗುಂಪು ಕಟ್ಟಿಕೊಂಡು ನಿಂತರೆ ಕಾಯಿಗೆ ಕ್ಯಾಲ್ಸಿಯಂ ಸಿಗುವುದಿಲ್ಲ. ಸಿಗದಿದ್ದರೆ ಸಿಪ್ಪೆ ಬೆಳೆಯುತ್ತದೆ, ಒಳಗೆ ಬೀಜ ಕೂರುವುದಿಲ್ಲ. ಕಾಯಿ ದಪ್ಪವಾದಷ್ಟೂ ಈ ಹಸಿವು ಜಾಸ್ತಿ. ಅದಕ್ಕೇ ಹೂ ಬಿಟ್ಟ ಮೇಲೆ ಸುಣ್ಣದಂಶವಿರುವ ಜಿಪ್ಸಂ ಪುಡಿಯನ್ನು ಗಿಡದ ಬುಡಕ್ಕೆ, ಬಳ್ಳಿಯ ಕೆಳಗೆ ಹಾಕಲೇಬೇಕು ಅಂತ ಬೆಳೆಗಾರರಿಗೆ ಹೇಳಿ, ಮೂಟೆಗಳನ್ನು ಮೊದಲೇ ಅವರ ಶೆಡ್ಡಿಗೆ ಇಳಿಸಿದೆ. ಅವರು ತಲೆ ಆಡಿಸಿದರು.

ಬಿತ್ತನೆಯ ದಿನ ಅಕ್ಕ ಸೊಸೆಯನ್ನು ಕರೆದುಕೊಂಡು ಬಸ್ಸಿನಲ್ಲಿ ಬಂದರು. ಹಿಂದಿನ ದಿನವೇ ಮನೆಯಲ್ಲಿ ಕಾಯಿ ಆರಿಸಿ, ಅತ್ಯಂತ ಉದ್ದನೆಯ ಮೂರು ಬೀಜದ ಕಾಯಿಗಳನ್ನು ಬೇರೆ ಮಾಡಿ ಸುಲಿದು, ಅರಿಸಿನದ ಬಟ್ಟೆಯಲ್ಲಿ ಕಟ್ಟಿ ತಂದಿದ್ದರು. ಮಿಕ್ಕ ಬೀಜ ಬೇರೆ ಚೀಲದಲ್ಲಿ. ಬಟ್ಟೆಯಲ್ಲಿದ್ದದ್ದು ಹೊಲದ ಈಶಾನ್ಯ ಮೂಲೆಗೆ, ದೇವಮೂಲೆಗೆ. ಅಲ್ಲಿ ಊದುಬತ್ತಿ ಹಚ್ಚಿ, ಅವರೇ ಬಗ್ಗಿ ಆ ಸಾಲುಗಳನ್ನು ಊರಿದರು. ಮಿಕ್ಕಿದ್ದನ್ನು ನಾವು ಕೆಳಗಿನ ಸಾಲುಗಳಲ್ಲಿ ಹಾಕಿದೆವು.

"ಯಾಕೆ ಹಂಗೆ?" ಅಂತ ಕೇಳಿದೆ.

"ಅತ್ತೆ ಮಾಡ್ತಿದ್ರು, ನಾನೂ ಮಾಡ್ತೀನಿ. ದೇವ್ರಿಗೆ ಒಳ್ಳೇದು ಕೊಡ್ಬೇಕಲ್ವಾ? ಮುಂದಿನ ವರ್ಷದ್ದೂ ಅಲ್ಲಿಂದ್ಲೇ ಎತ್ತಿಟ್ಕೊಳ್ಳೋದು," ಅಂದರು. ಅವರಿಗೆ ಅದು ಪೂಜೆ. ನನಗೂ ಪೂಜೆಯ ಹಾಗೇ ಕಂಡಿತು, ಚೆನ್ನಾಗಿದೆ ಅಂದುಕೊಂಡು ಸುಮ್ಮನಾದೆ.

ಬೆಳೆ ಬಂತು ನೋಡಿ, ಎಲೆ ಅಂಗೈಯಷ್ಟಾಗದಿದ್ದರೂ ಹಾಗೆ ಅನ್ನಿಸುವಷ್ಟು. ಹೂ ಶುರುವಾದಾಗ ನಾನು ಮಾಲೂರಿನ ಕಡೆ ಬೇರೆ ಹೊಲಗಳ ಕೆಲಸದಲ್ಲಿದ್ದೆ. ಫೋನು ಮಾಡಿ ಜಿಪ್ಸಂ ಹಾಕಿಸಿ ಅಂದೆ. ಆಳು ಸಿಗಲಿ, ಹಾಕಿಸ್ತೀನಿ ಅಂದರು. ಮತ್ತೆ ಹೋಗಿ ನೋಡುವಷ್ಟರಲ್ಲಿ ಬಳ್ಳಿಗಳು ಸಾಲು ಕೂಡಿಕೊಂಡಿದ್ದವು. ಮೂಟೆಗಳು ಶೆಡ್ಡಿನಲ್ಲಿ ಬಾಯಿ ಹೊಲಿದ ಹಾಗೇ ಇದ್ದವು, ಮೇಲೆ ಟೊಮೇಟೊ ಕ್ರೇಟು ಜೋಡಿಸಿದ್ದರು.

"ಇದೇನು ಸಾಮಿ, ಹಾಕ್ಲೇ ಇಲ್ಲ?"

"ಅದಕ್ಕಿಂತ ಒಳ್ಳೇದೇ ಕೊಟ್ಟಿದೀನಿ ಮೇಡಂ," ಅಂದರು ಹೆಮ್ಮೆಯಿಂದ. "ಆ ಪುಡಿ ಕರಗೋದು ಯಾವಾಗ, ಗಿಡ ಕುಡಿಯೋದು ಯಾವಾಗ. ನಾನು ಕ್ಯಾಲ್ಸಿಯಂ ಸ್ಪ್ರೇ ಎರಡು ರೌಂಡು ಕೊಟ್ಟೆ, ಎಲೆ ಎಲ್ಲ ನೆನೆಯೋ ಹಂಗೆ. ನೋಡಿ ಹೆಂಗೈತೆ ಗಿಡ."

ತಲೆ ಮೇಲೆ ಕೈ ಹೊತ್ತು ಅಲ್ಲೇ ಕೂತೆ. ಬೈಯಲು ಬಾಯಿಗೆ ಬಂತು. ಆದರೆ ಬೈಯುವುದು ಯಾವ ನ್ಯಾಯದ ಮೇಲೆ? ಟೊಮೇಟೊ ಬೆಳೆಯುವವರಿಗೆ ಕ್ಯಾಲ್ಸಿಯಂ ವಿಷಯ ಗೊತ್ತಿಲ್ಲ ಅನ್ನುವ ಹಾಗಿಲ್ಲ. ಹಣ್ಣಿನ ತಳ ಕಪ್ಪಾಗಿ ಕೊಳೆತರೆ ಅದು ಕ್ಯಾಲ್ಸಿಯಂ ಕೊರತೆ ಅಂತ ನಮ್ಮ ಜಿಲ್ಲೆಯಲ್ಲಿ ಚಹಾ ಅಂಗಡಿಯಲ್ಲಿ ಕೂತವರೂ ಹೇಳುತ್ತಾರೆ. ಅದರ ಪುಡಿಯನ್ನು ನೀರಿಗೆ ಕಲೆಸಿ ಎಲೆ, ಕಾಯಿ ನೆನೆಯುವಂತೆ ಹೊಡೆಯುತ್ತಾರೆ; ಅಲ್ಲಿ ಕಾಯಿ ಗಾಳಿಯಲ್ಲಿ ನೇತಾಡುತ್ತಿರುವುದರಿಂದ ಅಷ್ಟೋ ಇಷ್ಟೋ ಅದಕ್ಕೇ ತಾಗುತ್ತದೆ. ಈ ಮನುಷ್ಯ ತಮಗೆ ಚೆನ್ನಾಗಿ ಗೊತ್ತಿದ್ದದ್ದನ್ನೇ, ಕಾಳಜಿಯಿಂದಲೇ, ತಪ್ಪು ಗಿಡಕ್ಕೆ ಮಾಡಿದ್ದರು. ಕಡಲೆಕಾಯಿಯ ಹೆಸರೇ ಕೇಳದ ಯಾವನಾದರೂ ಆಗಿದ್ದರೆ ಹೇಳಿದಂತೆ ಪುಡಿ ಹಾಕಿ ಕೈ ತೊಳೆದುಕೊಳ್ಳುತ್ತಿದ್ದ.

ಒಂದು ಗಿಡವನ್ನು ಬೇರಿನ ಸಮೇತ ಎತ್ತಿ ಅವರ ಮುಂದೆ ಹಿಡಿದೆ. ಹೂ ಉದುರಿದ ಜಾಗದಿಂದ ಕೆಳಗಿಳಿದು ಮಣ್ಣಿಗೆ ಚುಚ್ಚಿಕೊಳ್ಳುವ ಮೊನೆಗೆ ನಾವು ಸೂಜಿ ಅನ್ನುತ್ತೇವೆ. ಬಳ್ಳಿಯುದ್ದಕ್ಕೂ ಸೂಜಿಗಳಿದ್ದವು, ಬುಡದ ಹತ್ತಿರದವು ಆಗಲೇ ತುದಿಯಲ್ಲಿ ಊದಿಕೊಂಡಿದ್ದವು.

"ನೋಡಿ, ಬೇರು ಕುಡಿದ ನೀರು ಎಲೆಗೆ ಹೋಗುತ್ತೆ, ಯಾಕಂದ್ರೆ ಎಲೆ ಬಿಸಿಲಿಗೆ ಒಣಗ್ತಾ ಎಳ್ಕೊಳ್ಳುತ್ತೆ. ಕ್ಯಾಲ್ಸಿಯಂ ಆ ನೀರಿನ ಜೊತೆನೇ ಹೋಗೋದು. ಮಣ್ಣೊಳಗಿರೋ ಈ ಕಾಯಿ ಒಣಗಲ್ಲ, ಅದಕ್ಕೆ ಮೇಲಿಂದ ಯಾರೂ ನೀರು ಕಳಿಸಲ್ಲ. ಎಲೆಗೆ ಹೋಗಿದ್ದು ಎಲೆಯಲ್ಲೇ ಕೂರುತ್ತೆ, ಕೆಳಗೆ ಇಳಿಯಲ್ಲ. ಕಾಯಿ ತನ್ನ ಸಿಪ್ಪೆಯಿಂದಲೇ ಪಕ್ಕದ ಮಣ್ಣಿಂದ ಕುಡೀಬೇಕು."

ಅವರು ಸೂಜಿಯ ತುದಿಯನ್ನು ಬೆರಳಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. "ಹಂಗಾದ್ರೆ ನಾನು ಹೊಡೆದಿದ್ದೆಲ್ಲ ಎಲೇಲೈತೆ," ಅಂದರು. ಮುಖ ಸಪ್ಪಗಾಯಿತು.

ಅವತ್ತೇ ಮೂಟೆ ಬಿಚ್ಚಿದೆವು. ಗುದ್ದಲಿ ಹಾಕುವ ಹಾಗಿಲ್ಲ, ಸೂಜಿ ಕಿತ್ತುಹೋಗುತ್ತದೆ. ಬಳ್ಳಿಯನ್ನು ಒಂದು ಕೈಯಲ್ಲಿ ಮೆಲ್ಲಗೆ ಸರಿಸಿ, ಇನ್ನೊಂದು ಕೈಯಿಂದ ಪುಡಿ ಉದುರಿಸುತ್ತಾ ಹೋದೆವು. ಪುಡಿ ಬಿತ್ತು, ಸರಿ. ಕರಗಿಸಲು ನೀರು ಬೇಕಲ್ಲ? ಮಳೆ ಮೋಡ ತೋರಿಸಿ ಮುಳಬಾಗಿಲ ಕಡೆ ಹೋಗುತ್ತಿತ್ತು. ಡ್ರಿಪ್ ಪೈಪು ಬೇರಿನ ಹತ್ತಿರ ಒಂದು ಗೇಣು ಪಟ್ಟಿಯನ್ನಷ್ಟೇ ನೆನೆಸುತ್ತದೆ. ಬಳ್ಳಿ ಕಾಯಿ ಕಟ್ಟುವುದು ಅದರಾಚೆ, ಒಣ ಮಣ್ಣಿನಲ್ಲಿ. ಒಣ ಮಣ್ಣಲ್ಲಿ ಜಿಪ್ಸಂ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಸ್ಪ್ರಿಂಕ್ಲರ್ ಹಾಕಿ ಇಡೀ ನೆಲ ನೆನೆಸಬೇಕಿತ್ತು, ಅದೂ ಬೇಗ. ಸೂಜಿ ಇಳಿದ ಮೊದಲ ಕೆಲವು ವಾರಗಳಲ್ಲೇ ಕಾಯಿ ಕ್ಯಾಲ್ಸಿಯಂ ಕುಡಿಯುವುದು. ಆಮೇಲೆ ಹೊಳೆಯಷ್ಟು ಕೊಟ್ಟರೂ ಅದು ಬಾಯಿ ತೆರೆಯುವುದಿಲ್ಲ.

ಆಗಲೇ ಕೋಲಾರದ ಮಂಡಿಯಲ್ಲಿ ಟೊಮೇಟೊ ಬೆಲೆ ಎದ್ದಿತ್ತು. ಬೆಳೆಗಾರರು ನೇರವಾಗಿ ಮಾತಾಡಿದರು.

"ಸುಳ್ಳು ಹೇಳಲ್ಲ ಮೇಡಂ. ಇರೋದು ಒಂದು ಬೋರು. ಟೊಮೇಟೊ ಒಣಗಿಸಿ ಕಡ್ಲೆಕಾಯಿಗೆ ಬಿಟ್ರೆ ಮನೇಲಿ ನನ್ನ ಒಳಗೆ ಸೇರ್ಸಲ್ಲ. ಅರ್ಧ ಹೊಲಕ್ಕೆ ಕೊಡ್ತೀನಿ. ಯಾವ ಅರ್ಧ ಅಂತ ನೀವೇ ಹೇಳಿ."

ಕೆಳಗಿನ ಅರ್ಧ ಬೋರಿನ ಪಕ್ಕದಲ್ಲೇ ಇತ್ತು; ಸ್ಪ್ರಿಂಕ್ಲರ್ ಚೆನ್ನಾಗಿ ತಿರುಗುತ್ತಿತ್ತು. ಮೇಲಿನ ಅರ್ಧ ಏರಿನಲ್ಲಿತ್ತು. ಅಲ್ಲೇ ಈಶಾನ್ಯ ಮೂಲೆ. ಪೈಪು ಜೋಡಿಸಿ ನೋಡಿದೆವು. ಅಲ್ಲಿಗೆ ಹೋಗುವಷ್ಟರಲ್ಲಿ ಒತ್ತಡ ಸತ್ತು ನೀರು ಸುಮ್ಮನೆ ಸೋರುತ್ತಿತ್ತು. ಟ್ಯಾಂಕರ್ ತರೋಣ ಅಂದರೆ ಟ್ರಾಕ್ಟರ್ ಹೋಗುವ ದಾರಿಯ ತುಂಬಾ ಟೊಮೇಟೊ ಕಟ್ಟಿದ ಕೋಲುಗಳು.

ಅಕ್ಕನಿಗೆ ತಿಳಿಸದೆ ತೀರ್ಮಾನ ಮಾಡಲು ಮನಸ್ಸು ಬರಲಿಲ್ಲ. ಫೋನು ಮಾಡಿದೆ, ಮಾರನೆಯ ದಿನವೇ ಬಂದರು. ಬೆಳೆಗಾರರನ್ನು ಒಂದು ಮಾತೂ ಬೈಯಲಿಲ್ಲ. ಹೊಲದ ಬದುವಿನ ಮೇಲೆ ನಿಂತು ಮೇಲೆ, ಕೆಳಗೆ ನೋಡಿದರು.

"ಯಾವುದು ಗ್ಯಾರಂಟಿ?" ಅಂತ ಕೇಳಿದರು.

"ಕೆಳಗಿಂದು ಅಕ್ಕ. ಮೇಲಿಂದಕ್ಕೆ ಕೊಟ್ಟರೆ ಅದೂ ಸರಿಯಾಗಿ ನೆನೆಯಲ್ಲ, ಇದೂ ಹೋಗುತ್ತೆ."

"ಬೀಜ ಒಂದೇ ತಾನೇ?"

"ಒಂದೇ ರಾಶಿದಲ್ವಾ," ಅಂದೆ.

"ಹಂಗಾದ್ರೆ ಕೆಳಗಡೇನೇ ಕೊಡಿ. ಎರಡೂ ಹೋಗೋದು ಬ್ಯಾಡ." ಹೇಳುವಾಗ ಅವರ ಕಣ್ಣು ಮೇಲಿನ ಮೂಲೆಯ ಮೇಲೇ ಇತ್ತು.

ಕೆಳಗೆ ನೀರು ಬಿಟ್ಟೆವು. ಇತ್ತ ಅಕ್ಕ ಮತ್ತು ಸೊಸೆ ಶೆಡ್ಡಿನಿಂದ ಪ್ಲಾಸ್ಟಿಕ್ ಕೊಡ ಎತ್ತಿಕೊಂಡು ಏರು ಹತ್ತಿದರು. ನಾನೂ ಒಂದು ಕೊಡ ಹಿಡಿದೆ. ಬಿಂದಿಗೆಯಿಂದ ಸುರಿದರೆ ಮಣ್ಣು ಕೊಚ್ಚಿ ಸೂಜಿ ಬಯಲಾಗುತ್ತದೆ ಅಂತ, ಬೆರಳು ಅಡ್ಡ ಹಿಡಿದು ಚಿಮುಕಿಸಿದೆವು. ಮೂರು ಸಂಜೆ ಹೊತ್ತೆವು. ಬೆಳಿಗ್ಗೆ ನೋಡಿದರೆ ಮಣ್ಣು ಮೇಲೆ ಹೆಪ್ಪುಗಟ್ಟಿ, ಕೆಳಗೆ ಬೆರಳು ತೂರಿಸಿದರೆ ಒಣಕಲು. ಜಿಪ್ಸಂ ಬೆಳ್ಳಗೆ ಮೇಲೆಯೇ ಕೂತಿತ್ತು. ನಾಲ್ಕನೆಯ ದಿನ ಅಕ್ಕನಿಗೆ ಸೊಂಟ ಹಿಡಿದು ಬರಲಾಗಲಿಲ್ಲ, ಫೋನಿನಲ್ಲಿ "ಮೋಡ ಐತಾ?" ಅಂತ ಮಾತ್ರ ಕೇಳಿದರು. ಐತೆ ಅಂದೆ. ಇತ್ತು ಕೂಡ, ಸುರಿಯಲಿಲ್ಲ ಅಷ್ಟೆ.

ಮಳೆ ಬಂದಾಗ ಭರ್ಜರಿಯಾಗಿಯೇ ಬಂತು. ಅಷ್ಟು ಹೊತ್ತಿಗೆ ಮೇಲಿನ ಸಾಲುಗಳ ಮೊದಲ ಸೂಜಿಗಳ ಕಾಲ ಕಳೆದಿತ್ತು.

ಕೀಳುವ ದಿನ ಕೆಳಗಿನಿಂದ ಶುರು ಮಾಡಿದೆವು. ಗಿಡ ಎತ್ತಿದರೆ ಗೊಂಚಲು ಗೊಂಚಲು ಕಾಯಿ, ಹಿಸುಕಿದರೆ ಗಟ್ಟಿ. ಸದ್ಯ ಅಂದುಕೊಂಡೆ. ಬೆಳೆಗಾರರು ಒಂದು ಹಿಡಿ ಬಾಯಿಗೆ ಹಾಕಿಕೊಂಡು ಚೆನ್ನಾಗೈತೆ ಅಂದರು. ಅಕ್ಕ ಒಂದೊಂದೇ ಕಾಯಿ ಅಂಗೈಯಲ್ಲಿಟ್ಟು ತಿರುಗಿಸಿ ರಾಶಿಗೆ ಹಾಕುತ್ತಿದ್ದರು.

ಆಮೇಲೆ ಮೇಲಿನ ಮೂಲೆಗೆ ಹೋದೆವು. ಅಲ್ಲಿ ಗಿಡ ಇನ್ನೂ ಸೊಂಪು. ಕಿತ್ತರೆ ಬೆರಳುದ್ದದ ಕಾಯಿಗಳು, ನಾನು ಅವರ ಮನೆಯಲ್ಲಿ ನೋಡಿದ್ದಂಥವೇ. ಅಕ್ಕ ಒಂದನ್ನು ಹೆಬ್ಬೆರಳಲ್ಲಿ ಒತ್ತಿದರು. ಪಟ್ ಅಂತ ಒಡೆದು ಚಪ್ಪಟೆಯಾಯಿತು. ಇನ್ನೊಂದು ಒತ್ತಿದರು, ಅದೂ. ಸೊಸೆ ಪಕ್ಕದ ಗಿಡ ಕಿತ್ತಳು. ಆ ಮೂಲೆಯ ತುಂಬಾ ಪಟ್ ಪಟ್ ಸದ್ದು. ಎಲ್ಲ ಜೊಳ್ಳು. ಮಳೆ ಬಂದ ಮೇಲೆ ಕಟ್ಟಿದವು ಇನ್ನೂ ಎಳಸು, ಹಾಲುಗಾಯಿ. ಹುಡುಕಿ ಹುಡುಕಿ ಬೀಜವಿದ್ದ ದಪ್ಪ ಕಾಯಿ ಒಂದು ಬೊಗಸೆ ಸಿಕ್ಕಿತು. ಅಕ್ಕ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡರು.

ಆ ಬೊಗಸೆಯ ಮೇಲೆ ನಾನು ಆಸೆ ಇಟ್ಟುಕೊಂಡೆ. ಒಣಗಿಸಿದ ಮೇಲೆ ಕೆಲವನ್ನು ಕೇಳಿ ಪಡೆದು, ಒದ್ದೆ ಮರಳಿನ ತಟ್ಟೆಯಲ್ಲಿ ಹಾಕಿಟ್ಟೆ. ಬೀಜ ಊದಿಕೊಂಡವು, ಮೊಳಕೆ ಮೂಗು ತೋರಿಸಿತು, ಅಲ್ಲಿಗೇ ನಿಂತು ಕೊಳೆಯಿತು. ಹೋಳು ಬಿಡಿಸಿ ನೋಡಿದರೆ ನಡುವಿನ ಕುಡಿ ಕಪ್ಪಗಿತ್ತು. ಹೊರಗೆ ತುಂಬಿದ ಹಾಗೆ ಕಂಡರೂ ಒಳಗೆ ಸುಣ್ಣದಂಶ ಸಾಲದ ಬೀಜದ ಲಕ್ಷಣ ಅದು. ತಿನ್ನಲು ಏನೂ ತೊಂದರೆಯಿಲ್ಲ. ಬಿತ್ತಲು ಬರುವುದಿಲ್ಲ.

ಕೆಳಗಿನ ರಾಶಿಯದು ತಟ್ಟೆಯ ತುಂಬಾ ಮೊಳೆಯಿತು. ಆದರೆ ಸುಲಿಯಲು ಕೂತಾಗ ನಾನೂ ನೋಡಿದೆ: ಗಿಡ್ಡ ಕಾಯಿ, ಎರಡೇ ಬೀಜ, ಸಣ್ಣವು. ಒಂದೇ ರಾಶಿಯದು ಅಂತ ನಾನು ಹೇಳಿದ್ದೆ, ಅಕ್ಕ ನಂಬಿದ್ದರು. ರಾಶಿ ಒಂದೇ ನಿಜ. ಅದರೊಳಗೆ ದಪ್ಪದವೂ ಸಣ್ಣವೂ ಬೆರೆತು ಬೆಳೆಯುತ್ತಿದ್ದವು, ಪ್ರತಿ ವರ್ಷ ದೇವರ ಹೆಸರಲ್ಲಿ ದಪ್ಪದ್ದನ್ನು ಒಂದು ಮೂಲೆಗೆ ಎತ್ತಿಡುತ್ತಿದ್ದುದರಿಂದಲೇ ಆ ತಳಿ ಆ ಮನೆಯಲ್ಲಿ ನಿಂತಿತ್ತು. ಅವರಿಗೂ ಅದು ಹೊಳೆದಿರಲಿಲ್ಲ, ನನಗೂ ಹೊಳೆಯಲಿಲ್ಲ. ನೀರು ಕೆಳಗೆ ಬಿಟ್ಟ ಲೆಕ್ಕ ಇವತ್ತು ಹಾಕಿದರೂ ಸರಿಯೇ ಬರುತ್ತದೆ, ಮೇಲೆ ಬಿಟ್ಟಿದ್ದರೆ ಎರಡೂ ಹೋಗುತ್ತಿದ್ದವೇನೋ. ಆದರೂ ಸಂಕಟ ಹೋಗುವುದಿಲ್ಲ. ಅಂಥ ಕಾಯಿ ಇನ್ನೆಲ್ಲಾದರೂ ಸಿಕ್ಕೀತೇ ಅಂತ ಮುಳಬಾಗಿಲು, ಶ್ರೀನಿವಾಸಪುರದ ಗಡಿ ಊರುಗಳಲ್ಲಿ ಕೇಳುತ್ತಾ ತಿರುಗಿದೆ. ನಮ್ಮ ಅಜ್ಜಿ ಬೆಳೀತಿದ್ರು ಅನ್ನುವವರು ಸಿಕ್ಕರು, ಬೀಜ ಇಟ್ಟವರು ಸಿಗಲಿಲ್ಲ.

ಅಕ್ಕನ ಪಾಲಿನ ಬೀಜ ತೆಗೆದುಕೊಂಡು ನಾನೇ ಅವರ ಮನೆಗೆ ಹೋದೆ. ಅವರು ಕೊಟ್ಟದ್ದಕ್ಕಿಂತ ಜಾಸ್ತಿಯೇ ಇತ್ತು, ಮಾತು ಕೊಟ್ಟಿದ್ದೆನಲ್ಲ. ಮೊಳಕೆಯ ಫಲಿತಾಂಶವನ್ನೂ ಹೇಳಿದೆ. ಅಕ್ಕ ಚೀಲದ ಬಾಯಿ ಬಿಚ್ಚಿ ಕೈ ಒಳಗೆ ಹಾಕಿ, ಒಂದು ಹಿಡಿ ಎತ್ತಿ ನೋಡಿ, ಮತ್ತೆ ಚೀಲಕ್ಕೇ ಬಿಟ್ಟರು.

"ಚೆನ್ನಾಗೇ ಐತೆ. ಬಿತ್ತಿದ್ರೆ ಬರ್ತದೆ," ಅಂದರು. "ಯಾರಿಗಾದ್ರೂ ಕೊಡಿ ಮೇಡಂ, ಬೆಳ್ಕೊಳ್ಳಲಿ."

"ಇದು ನಿಮ್ಮ ಪಾಲು ಅಕ್ಕ."

"ನನಗ್ಯಾಕೆ ಇದು? ಇಂಥದ್ದು ಸಂತೇಲಿ ಸಿಗ್ತದೆ." ಕೋಪವೇನೂ ಇರಲಿಲ್ಲ ಧ್ವನಿಯಲ್ಲಿ. ಸೊಸೆಗೆ ಕಾಫಿ ಮಾಡು ಅಂದರು. ನಾನು ಕಾಫಿ ಕುಡಿದೆ. ಹುಳುವಿನ ಮನೆಗೆ ಸೊಪ್ಪು ಹಾಕುವ ಹೊತ್ತಾಗಿತ್ತು, ಎದ್ದು ನಿಂತೆ. ಬಾಗಿಲ ತನಕ ಬಂದು ಅಕ್ಕ ಚೀಲವನ್ನು ನನ್ನ ಕೈಗೆ ಕೊಟ್ಟರು.

"ಅದಕ್ಕೆ ನನ್ನ ಹೆಸರು ಇಡ್ತೀನಿ ಅಂದಿದ್ರಲ್ಲ, ಇಡ್ಬೇಡಿ. ನನ್ನತ್ರ ಇದ್ದಿದ್ದು ಅದಲ್ಲ."

ಆ ಬೀಜ ಈಗ ಹತ್ತಾರು ಹೊಲಗಳಲ್ಲಿದೆ, ಒಳ್ಳೆಯ ಇಳುವರಿ ಬರುತ್ತಿದೆ. ಎಲ್ಲಿಂದ ತಂದಿರಿ ಅಂತ ರೈತರು ಕೇಳುತ್ತಾರೆ. ಸುಗಟೂರಿನದು ಅಂತ ಹೇಳುತ್ತೇನೆ.